ನಾಲ್ಕಡಿ ಡಿಶ್ಶೂ ಅಮ್ಮನ ಪತ್ರೊಡೆಯೂ

ನನಗೆ ದಿಕ್ಕುಗಳ ಜ್ಞಾನ ಅಷ್ಟಕ್ಕಷ್ಟೇ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬಹ್ರೇನಿನ ಡಿಪ್ಲೊಮ್ಯಾಟಿಕ್ ಏರಿಯಾದ ನನ್ನ ಬ್ಯಾಂಕಿನಲ್ಲಿ ಲಿಫ್ಟಿನಿಂದ ಹೊರಬಂದ ಮೇಲೆ ಎಡಕ್ಕೆ ಹೋಗಬೇಕೋ ಬಲಕ್ಕೋ ಎಂದು ಇಷ್ಟು ವರ್ಷಗಳ ನಂತರವೂ ಅರೆಗಳಿಗೆ ನಿಲ್ಲುತ್ತೇನೆ. ಯಾರಾದರೂ ನೋಡುತ್ತಿದ್ದರೆ ಫೋನ್ ತೆಗೆದು ಏನೋ ಬಹಳ ಮುಖ್ಯವಾದ ಸಂದೇಶ ಬಂದವನಂತೆ ಓದುತ್ತೇನೆ. ಅಷ್ಟರಲ್ಲಿ ಹಿಂದಿನಿಂದ ಬಂದವರು ಯಾವ ಕಡೆಗೆ ತಿರುಗುತ್ತಾರೋ ನೋಡಿಕೊಂಡು ಅವರ ಹಿಂದೆ ಹೊರಡುತ್ತೇನೆ. ಹೀಗೆ ಒಮ್ಮೆ ಬೇರೆ ಕಂಪೆನಿಯ ಮೀಟಿಂಗಿನೊಳಗೆ ಹೋಗಿ ಕುಳಿತು, ಅವರು ಕೊಟ್ಟ ಚಹಾವನ್ನೂ ಕುಡಿದು ಬಂದಿದ್ದೇನೆ. ಇಂಥವನು ಅರೇಬಿಯಾದ ಮರಳುಗಾಡಿನ ನಡುವೆ ನಿಂತು, ನೆಲದಿಂದ ಮೂವತ್ತಾರು ಸಾವಿರ ಕಿಲೋಮೀಟರ್ ಎತ್ತರದಲ್ಲಿರುವ ಒಂದು ಉಪಗ್ರಹವನ್ನು ಹುಡುಕಲು ಹೊರಟನೆಂದರೆ, ಅದರ ಹಿಂದೆ ಯಾರದೋ ಒತ್ತಾಯವಿರಬೇಕು ಎಂದು ನಿಮಗೆ ಅನ್ನಿಸುವುದು ಸಹಜ. ಇತ್ತು. ಅದು ನನ್ನ ಅಮ್ಮನದು.

ಅಮ್ಮ ಪುತ್ತೂರಿನಿಂದ ಮೂರು ತಿಂಗಳ ವಿಸಿಟ್ ವೀಸಾದಲ್ಲಿ ನಮ್ಮ ಬುಸೈತೀನ್ ಫ್ಲ್ಯಾಟಿಗೆ ಬಂದಿದ್ದರು. ಅದೇ ಹೊತ್ತಿಗೆ ನಮ್ಮ ಕೆಳಗಿನ ಮನೆಯ ಹಮೀದಾಕ ಒಂದು ಕ್ಯಾರವಾನ್ ಕೊಂಡರು. ಹಮೀದಾಕ ಉಳ್ಳಾಲದವರು, ಗಾಡಿಗಳ ಬಿಡಿಭಾಗಗಳ ಅಂಗಡಿಯಿಟ್ಟುಕೊಂಡವರು, ನನಗಿಂತ ಹದಿನೈದು ವರ್ಷ ದೊಡ್ಡವರು. ಇಲ್ಲಿನ ಅವಾಲಿಯಲ್ಲಿದ್ದ ಇಂಗ್ಲೆಂಡಿನ ಮುದುಕರೊಬ್ಬರು ನಿವೃತ್ತರಾಗಿ ಊರಿಗೆ ಹೊರಟಾಗ ಅವರ ಹಳೆಯ ಕ್ಯಾರವಾನ್ ಇವರ ಪಾಲಿಗೆ ಬಂತು. ಪಿಕಪ್‌ನ ಹಿಂದೆ ಕಟ್ಟಿ ಎಳೆಯುವ ಪುಟ್ಟ ಮನೆ ಅದು: ಎರಡು ಮಂಚ, ಒಲೆ, ಫ್ರಿಜ್ಜು, ಒಬ್ಬರು ಒಳಗೆ ಹೋದರೆ ಬಾಗಿಲು ಹಾಕಲಾಗದಷ್ಟು ಚಿಕ್ಕ ಬಚ್ಚಲು. "ಡಿಸೆಂಬರ್ ರಜೆಯಲ್ಲಿ ಸೌದಿಯಲ್ಲಿ ಒಂದು ಸುತ್ತು ಹೊಡೆಯುವಾ ಸುರೇಶ್. ಅಲ್ ಉಲಾದವರೆಗೆ ಹೋಗಿ ಬರುವಾ. ಅಮ್ಮನನ್ನೂ ಕರ್ಕೊಂಡು ಬನ್ನಿ, ನಾನು ಟೆಂಟಿನಲ್ಲಿ ಮಲಗ್ತೇನೆ," ಎಂದರು. ಅವರ ಹೆಂಡತಿ ಮಗಳ ಬಾಣಂತನಕ್ಕೆಂದು ಊರಿಗೆ ಹೋಗಿದ್ದರು. ಮನೆಯಲ್ಲಿ ಒಬ್ಬರೇ ಕುಳಿತು ಅವರಿಗೆ ಬೇಸರ ಬಂದಿತ್ತು. ನನ್ನ ಹೆಂಡತಿ ಶೋಭಾ ಮರುಮಾತಿಲ್ಲದೆ ಒಪ್ಪಿದಳು. ಅಮ್ಮ ಮಾತ್ರ ಕ್ಯಾಲೆಂಡರ್ ನೋಡಿ, "ನೀವು ಹೋಗಿ ಬನ್ನಿ. ನಾನು ಇಲ್ಲೇ ಇರ್ತೇನೆ," ಎಂದುಬಿಟ್ಟರು.

ಕಾರಣ ಶೋಭಾಳ ಮೂಲಕ ಹೊರಬಂತು. ಕೆಸುವಿನ ಎಲೆ ಸಿಗುವ ತಿಂಗಳಲ್ಲಿ ಅಮ್ಮ ಒಂದು ಕನ್ನಡ ಚಾನೆಲ್‌ನ ಅಡುಗೆ ಕಾರ್ಯಕ್ರಮದಲ್ಲಿ ಪತ್ರೊಡೆ ಮಾಡಿ ತೋರಿಸಿದ್ದರು. ಇದು ನಮಗೆ ಗೊತ್ತಿತ್ತು. ಗೊತ್ತಿಲ್ಲದ್ದೇನೆಂದರೆ, ಕ್ಯಾಮೆರಾದ ದೀಪಗಳ ಝಗಮಗದಲ್ಲಿ ಅಕ್ಕಿ ರುಬ್ಬಿದ ಮಸಾಲೆಗೆ ತಾನು ಉಪ್ಪು ಹಾಕಿದೆನೋ ಇಲ್ಲವೋ ಎಂಬುದು ಅಮ್ಮನಿಗೆ ಅಂದಿನಿಂದಲೂ ನೆನಪಿಗೆ ಬರುತ್ತಿರಲಿಲ್ಲ. ನಿರೂಪಕಿ ಹುಡುಗಿ ತಿಂದು "ಸೂಪರ್ ಅಮ್ಮಾ" ಎಂದಳಂತೆ. "ಅವಳು ಎಲ್ಲರಿಗೂ ಹಾಗೆಯೇ ಹೇಳುದು. ಅದಕ್ಕೇ ಅವಳಿಗೆ ಸಂಬಳ ಕೊಡುದಲ್ವಾ," ಎನ್ನುವುದು ಅಮ್ಮನ ಸಂಕಟ. ಆ ಕಂತು ಪ್ರಸಾರವಾಗುವುದು ನಮ್ಮ ಪ್ರವಾಸದ ಐದನೆಯ ದಿನ, ಊರಿನ ಮಧ್ಯಾಹ್ನ ಒಂದು ಗಂಟೆಗೆ, ಅಂದರೆ ನಮ್ಮ ಬೆಳಗಿನ ಹತ್ತೂವರೆಗೆ.

"ಆಮೇಲೆ ಯೂಟ್ಯೂಬಿನಲ್ಲಿ ಬರ್ತದಲ್ಲ ಅಮ್ಮ," ಎಂದೆ.

"ಆಮೇಲೆ ಬಂದು ಎಂತ ಪ್ರಯೋಜನ? ಅಷ್ಟರೊಳಗೆ ವಾರಿಜ ಫೋನ್ ಮಾಡಿಯಾಗಿರ್ತದೆ," ಎಂದರು ಅಮ್ಮ.

ವಾರಿಜತ್ತೆ ನನ್ನ ತಂದೆಯ ತಂಗಿ. ನಮ್ಮ ಕುಟುಂಬದ ಸಮಾರಂಭಗಳಲ್ಲಿ ಅಡುಗೆಭಟ್ಟರು ಹೆದರುವುದು ಯಜಮಾನನಿಗಲ್ಲ, ವಾರಿಜತ್ತೆಗೆ. ಒಂದು ತುತ್ತು ಬಾಯಿಗಿಟ್ಟು ಅವರು ಕಣ್ಣು ಮುಚ್ಚಿದರೆ ಪಂಕ್ತಿಯಲ್ಲಿ ಕೂತವರೆಲ್ಲ ಊಟ ನಿಲ್ಲಿಸಿ ಕಾಯುತ್ತಾರೆ. ಅಂಥವರು ಟಿವಿಯ ಮುಂದೆ ಕೂತು ಅತ್ತಿಗೆಯ ಕೈಯನ್ನೇ ನೋಡುತ್ತಿರುವಾಗ, ಅತ್ತಿಗೆ ಉಪ್ಪು ಮರೆತದ್ದು ಹೌದಾದರೆ ಅದು ಅತ್ತಿಗೆಗೂ ಅದೇ ಗಳಿಗೆಯಲ್ಲಿ ಗೊತ್ತಾಗಬೇಕು. ಫೋನು ಹೊಡೆದುಕೊಳ್ಳುವ ಮೊದಲು ಒಂದು ಉತ್ತರ ಸಿದ್ಧವಾಗಿರಬೇಕು. ಐವತ್ತು ವರ್ಷ ಅಡುಗೆ ಮಾಡಿದ ಹೆಂಗಸಿನ ಮಾನದ ಪ್ರಶ್ನೆ. ನನಗೆ ಇದು ತಕ್ಷಣ ಅರ್ಥವಾಯಿತು. "ಅಮ್ಮ, ನೀವು ಬನ್ನಿ. ಮರಳುಗಾಡಿನಲ್ಲಿ ಫೋನಿಗೆ ನೆಟ್‌ವರ್ಕ್ ಇಲ್ಲದಿದ್ದರೂ ನಿಮಗೆ ಆ ಕಾರ್ಯಕ್ರಮ ತೋರಿಸುವ ಜವಾಬ್ದಾರಿ ನನ್ನದು," ಎಂದು ಎದೆ ತಟ್ಟಿ ಹೇಳಿದೆ. ಶೋಭಾ ನನ್ನನ್ನು ಒಂದು ಥರಾ ನೋಡಿದಳು. ಅವಳು ನನ್ನ ಜೊತೆ ಬಹ್ರೇನಿನ ಮಾಲುಗಳ ಪಾರ್ಕಿಂಗಿನಲ್ಲಿ ಕಾರು ಹುಡುಕುತ್ತಾ ಬಹಳ ನಡೆದವಳು.

ಕ್ಯಾರವಾನಿನ ಮಾಡಿನ ಮೇಲೆ ಆಗಲೇ ಒಂದು ಆಂಟೆನಾ ಇತ್ತು. ಮಡಕೆ ಕವುಚಿಟ್ಟಂಥ ಬಿಳಿಯ ಗುಮ್ಮಟ. ಗುಂಡಿ ಒತ್ತಿದರೆ ಒಳಗಿನ ಡಿಶ್ ತಾನಾಗಿಯೇ ತಿರುಗಿ ಉಪಗ್ರಹವನ್ನು ಹುಡುಕಿಕೊಳ್ಳುತ್ತದೆ. ಹಮೀದಾಕ ಗುಂಡಿ ಒತ್ತಿದರು. ಅದು 'ಗುರ್ರ್' ಎಂದು ತಿರುಗಿತು, ನಿಂತಿತು, ಮತ್ತೆ ತಿರುಗಿತು. ಅದಕ್ಕೆ ಗೊತ್ತಿದ್ದದ್ದು ಇಂಗ್ಲೆಂಡಿನ ಉಪಗ್ರಹವೊಂದೇ. ಆ ಉಪಗ್ರಹದ ಬೆಳಕು ಬಹ್ರೇನಿನವರೆಗೆ ಬೀಳುವುದಿಲ್ಲವಂತೆ. ಆ ಮುದುಕರು ಇದ್ದಷ್ಟು ವರ್ಷವೂ ಅದು ಹೀಗೆಯೇ ತನ್ನ ಊರನ್ನು ಹುಡುಕುತ್ತಿತ್ತೆಂದು ಕಾಣುತ್ತದೆ. ನನಗೆ ಆ ಯಂತ್ರದ ಮೇಲೆ ಏನೋ ಮರುಕ ಹುಟ್ಟಿತು. ಹಮೀದಾಕನಿಗೂ ಹುಟ್ಟಿತೆಂದು ತೋರುತ್ತದೆ, ತಟ್ಟನೆ ಸ್ವಿಚ್ ಆಫ್ ಮಾಡಿ, "ಸಾಕು, ಪಾಪ," ಎಂದರು.

ಮನಾಮದಲ್ಲಿ ಡಿಶ್ ಮಾರುವ ಒಂದು ಅಂಗಡಿಗೆ ಹೋದೆವು. ಅಂಗಡಿಯವರು ಪಾಕಿಸ್ತಾನದ ಹಿರಿಯರು. ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ಅಷ್ಟರಲ್ಲಿ ನಾನು ಆಫೀಸಿನ ಕಂಪ್ಯೂಟರಿನಲ್ಲಿ ಒಂದು ತಖ್ತೆಯನ್ನೇ ಮಾಡಿಕೊಂಡಿದ್ದೆ: ತಾನೇ ಹುಡುಕುವ ಗುಮ್ಮಟ, ತಟ್ಟೆಯಂತೆ ಚಪ್ಪಟೆಯಾದ ಆಂಟೆನಾ, ಮೂರು ಕಾಲಿನ ಮೇಲೆ ನಿಲ್ಲಿಸುವ ಸಾದಾ ಡಿಶ್, ತೂಕ, ಗಾತ್ರ, ಗಾಳಿಗೆ ನಿಲ್ಲುವ ಶಕ್ತಿ, ಒಂದೊಂದಕ್ಕೂ ಅಂಕ. ಉಸ್ತಾದ್ ಕನ್ನಡಕ ಏರಿಸಿ ಅದನ್ನು ಗೌರವದಿಂದ ನೋಡಿ, ಮಡಚಿ ನನ್ನ ಕೈಗೇ ಕೊಟ್ಟರು. ಆಮೇಲೆ ಹಿಂದಿಯಲ್ಲಿ ಹೇಳಿದರು: ನಿಮ್ಮ ಊರಿನ ಉಪಗ್ರಹ ಹಿಂದೂಸ್ತಾನಕ್ಕಾಗಿ ಬಿಟ್ಟದ್ದು, ಪಶ್ಚಿಮಕ್ಕೆ ಹೋದಷ್ಟೂ ಅದರ ಬಲ ಕಡಿಮೆ. ಗುಮ್ಮಟ, ತಟ್ಟೆ ಎಲ್ಲ ಅಲ್ಲಿ ಆಟಿಕೆ. ನಾಲ್ಕಡಿ ಅಗಲದ ಡಿಶ್ ತೆಗೆದುಕೊಳ್ಳಿ, ಕೈಯಿಂದಲೇ ತಿರುಗಿಸಿ. "ಔರ್ ಏಕ್ ಬಾತ್, ಭಾಯಿಸಾಬ್. ಊರಿನಿಂದ ದೂರ ಹೋದಷ್ಟೂ ಅದರ ಮುಖ ತಗ್ಗಿಸಬೇಕು."

ಅಲ್ಲಿಯೇ ಅವರು ನನಗೆ ಇನ್ನೊಂದು ಸಂಗತಿ ಹೇಳಿದರು. ಈ ಉಪಗ್ರಹ ಆಕಾಶದಲ್ಲಿ ಅಲುಗಾಡದೆ ಒಂದೇ ಕಡೆ ನಿಂತಿರುತ್ತದೆಯಂತೆ. ಭೂಮಿ ತಿರುಗಿದಷ್ಟೇ ವೇಗದಲ್ಲಿ ಅದೂ ತಿರುಗುವುದರಿಂದ ನಮಗೆ ನಿಂತಂತೆ ಕಾಣುವುದು. ಇದನ್ನು ನಾನು ಶಾಲೆಯಲ್ಲಿ ಓದಿ, ಬರೆದು, ಪಾಸಾದವನು. ಆದರೆ ಆ ಸಂಜೆ ಬುಸೈತೀನಿನ ನಮ್ಮ ಟೆರೇಸಿಗೆ ಹೋಗಿ, ನಮ್ಮದೇ ಡಿಶ್ ಮುಖ ಮಾಡಿದ್ದ ಖಾಲಿ ಆಕಾಶವನ್ನು ನೋಡುತ್ತಾ ನಿಂತಾಗ ಮೈ ಜುಮ್ಮೆಂದಿತು. ಅಲ್ಲಿ ಏನೂ ಕಾಣುತ್ತಿರಲಿಲ್ಲ. ಆದರೂ ಅಲ್ಲಿಂದಲೇ ದಿನವೂ ನಮ್ಮ ಮನೆಯೊಳಗೆ ಕನ್ನಡ ಇಳಿಯುತ್ತಿತ್ತು. ಇಷ್ಟು ದಿನ ರಿಮೋಟ್ ಸಿಗದಿದ್ದಾಗ ಬೈದುಕೊಂಡದ್ದು ಬಿಟ್ಟರೆ ಆ ದಾರಿಯ ಬಗ್ಗೆ ನಾನು ಒಂದು ಕ್ಷಣವೂ ಯೋಚಿಸಿರಲಿಲ್ಲ.

ಇನ್ನು ದಿಕ್ಕು ಕಂಡುಹಿಡಿಯುವ ವಿಷಯ. ಬಹ್ರೇನಿನ ಸಖೀರ್ ಮರಳುಗಾಡಿನಲ್ಲಿ ಒಂದು ಶುಕ್ರವಾರ ಪರೀಕ್ಷೆಗೆಂದು ಕ್ಯಾರವಾನ್ ನಿಲ್ಲಿಸಿದೆವು. ಫೋನಿನ ದಿಕ್ಸೂಚಿ ಕ್ಯಾರವಾನಿನ ಕಬ್ಬಿಣದ ಹತ್ತಿರ ಹುಚ್ಚು ಹಿಡಿದಂತೆ ತಿರುಗುತ್ತಿತ್ತು. ಒಂದು ಗಂಟೆ ಒದ್ದಾಡಿದ ಮೇಲೆ, ಉಸ್ತಾದ್ ಡಿಶ್ಶಿನ ಜೊತೆ ಕೊಟ್ಟಿದ್ದ ಸಿಗ್ನಲ್ ಮೀಟರ್ ಕೈಯಲ್ಲಿ ಒಮ್ಮೆಲೇ 'ಕುಂಯ್' ಎಂದಿತು. ಕ್ಯಾರವಾನಿನ ಟಿವಿಯಲ್ಲಿ ಚಿತ್ರ ಬಂತು. ಅಷ್ಟು ಹೊತ್ತಿಗೆ ಹಮೀದಾಕ ಪಕ್ಕದಲ್ಲೇ ನಮಾಜು ಮುಗಿಸಿ ಏಳುತ್ತಿದ್ದರು. ನಾನು ನೋಡಿದೆ: ಅವರು ಮುಖ ಮಾಡಿದ್ದ ಕಡೆಗೆ ನಿಂತು ಎಡಗೈಯನ್ನು ಚಾಚಿ, ಒಂದಿಷ್ಟು ಹಿಂದಕ್ಕೆ ಸರಿಸಿದರೆ, ಸರಿಯಾಗಿ ನಮ್ಮ ಡಿಶ್ ನೋಡುತ್ತಿದ್ದ ದಿಕ್ಕು! ನನ್ನ ಆನಂದಕ್ಕೆ ಪಾರವಿಲ್ಲ. ದಿಕ್ಸೂಚಿ ಕೈಕೊಡಬಹುದು, ಹಮೀದಾಕನ ನಮಾಜು ಐದು ಹೊತ್ತೂ ತಪ್ಪುವುದಿಲ್ಲ. "ಹಮೀದಾಕ, ಇನ್ನು ಮೇಲೆ ನಮಾಜು ಮುಗಿದ ಕೂಡಲೇ ಚಾಪೆ ಮಡಚಬೇಡಿ. ನನಗೆ ಅರ್ಧ ನಿಮಿಷ ಬೇಕು," ಎಂದೆ. ಅವರು ನಕ್ಕು, "ಆಯ್ತು ಮಾರಾಯ್ರೆ. ನನಗೆ ಪುಣ್ಯ, ನಿಮಗೆ ಸೀರಿಯಲ್ಲು," ಎಂದರು.

ಡಿಸೆಂಬರಿನಲ್ಲಿ ಹೊರಟೆವು. ನಾಲ್ಕಡಿ ಡಿಶ್ ಕ್ಯಾರವಾನಿನ ಮಾಡಿನ ಮೇಲೆ ಹಗ್ಗ ಬಿಗಿಸಿಕೊಂಡು ಮಲಗಿತ್ತು. ಸೌದಿಗೆ ಹೋಗುವ ಸಮುದ್ರದ ಸೇತುವೆ ದಾಟುವಾಗ ಕಸ್ಟಮ್ಸಿನ ಯುವಕನೊಬ್ಬ ಅದನ್ನು ನೋಡಿ "ಏಶ್ ಹಾದಾ?" ಎಂದ, ಇದೇನು ಎಂಬ ಅರ್ಥದಲ್ಲಿ. ಹಮೀದಾಕ ಅರಬ್ಬಿಯಲ್ಲಿ ಏನೇನೋ ವಿವರಿಸಿ, ಹಿಂದೆ ಕೂತಿದ್ದ ಅಮ್ಮನ ಕಡೆಗೆ ಕೈ ತೋರಿಸಿದರು. ಯುವಕ ಬಗ್ಗಿ ಅಮ್ಮನನ್ನು ನೋಡಿದ, ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದ, ಹೋಗಿ ಎಂದು ಸನ್ನೆ ಮಾಡಿದ. "ಎಂತ ಹೇಳಿದ್ರಿ ನೀವು?" ಎಂದು ಅಮ್ಮ ಕೇಳಿದರು. "ಈ ಅಮ್ಮ ನಮ್ಮ ಊರಿನ ಟಿವಿಯಲ್ಲಿ ಬರ್ತಾರೆ, ಅವರಿಗೆ ಅವರನ್ನೇ ತೋರಿಸ್ಲಿಕ್ಕೆ ಈ ಡಿಶ್ಶು ಅಂತ ಹೇಳಿದೆ," ಎಂದರು ಹಮೀದಾಕ. ಅಮ್ಮ ಸೆರಗು ಸರಿಮಾಡಿಕೊಂಡರು.

ಮೊದಲ ದಿನ ಹೊಫೂಫಿನ ಖರ್ಜೂರದ ತೋಟಗಳ ಬಳಿ, ಎರಡನೆಯ ದಿನ ರಿಯಾದಿನ ಆಚೆ. ಎರಡೂ ಕಡೆ ನನ್ನ ಸೂತ್ರ ಮಂತ್ರದಂತೆ ಕೆಲಸ ಮಾಡಿತು. ಹಮೀದಾಕ ಇಳಿಹೊತ್ತಿನ ಅಸರ್ ನಮಾಜು ಮುಗಿಸುತ್ತಿದ್ದಂತೆ ನಾನು ಚಾಪೆಯ ಪಕ್ಕ ನಿಂತು ಎಡಗೈ ಚಾಚುವುದು, ಡಿಶ್ ತಿರುಗಿಸುವುದು, ಎರಡು ಬೆರಳಷ್ಟು ಅತ್ತಿತ್ತ ಮಾಡುವುದು, 'ಕುಂಯ್'. ಅಮ್ಮ ಧಾರಾವಾಹಿ ನೋಡುತ್ತಿದ್ದರೆ ನಾನು ಉಪಗ್ರಹವನ್ನು ನಾನೇ ಹಾರಿಸಿದವನಂತೆ ಕೈಕಟ್ಟಿ ನಿಲ್ಲುತ್ತಿದ್ದೆ. ಶೋಭಾ ಕೂಡ "ಪರವಾಗಿಲ್ಲ ನೀವು," ಎಂದಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ದಿಕ್ಕಿನ ವಿಷಯಕ್ಕೆ ನನಗೆ ಸಿಕ್ಕ ಮೊದಲ ಸರ್ಟಿಫಿಕೇಟು ಅದು. ಮೂರನೆಯ ದಿನ ಜೋರು ಗಾಳಿಯಿದ್ದದ್ದರಿಂದ ಡಿಶ್ ಇಳಿಸಲಿಲ್ಲ. ನಾಲ್ಕನೆಯ ದಿನ ಇಳಿಹೊತ್ತಿನಲ್ಲಿ ಅಲ್ ಉಲಾ ಸಮೀಪಿಸಿದೆವು.

ಅಲ್ಲಿನ ಬಂಡೆಗಳ ಬಗ್ಗೆ ಹೇಳುವ ಶಕ್ತಿ ನನಗಿಲ್ಲ. ಮರಳಿನ ನಡುವಿನಿಂದ ಕೆಂಪು ಬಂಡೆಗಳು ಏಳು ಮಹಡಿ, ಎಂಟು ಮಹಡಿ ಎದ್ದು ನಿಂತಿದ್ದವು. ಕೆಲವಕ್ಕೆ ಮುಖ, ಕೆಲವಕ್ಕೆ ಸೊಂಡಿಲು, ಕೆಲವಕ್ಕೆ ಬಾಗಿಲು ಇದ್ದಂತೆ ಕಾಣುತ್ತಿತ್ತು. ಗಾಡಿಯಿಂದ ಇಳಿದ ನಾವು ನಾಲ್ವರೂ ತಲೆಯೆತ್ತಿ ನಿಂತೆವು. ಅಮ್ಮ ಕೊನೆಗೆ, "ಇದನ್ನು ಯಾರು ಮಾಡಿದ್ದು?" ಎಂದು ಕೇಳಿದರು. "ಗಾಳಿ," ಎಂದೆ. "ಬರೀ ಗಾಳಿಯಾ?" ಎಂದು ಅಮ್ಮ ಮತ್ತೆ ತಲೆಯೆತ್ತಿ ನೋಡಿದರು. ಹಮೀದಾಕ ಕಣ್ಣೊರೆಸಿಕೊಂಡು ಚಾಪೆ ಹಾಸಿದರು.

ಅವರ ನಮಾಜು ಮುಗಿಯಿತು. ನಾನು ಎಡಗೈ ಚಾಚಿದೆ, ಡಿಶ್ ತಿರುಗಿಸಿದೆ. ಮೀಟರು ಉಸಿರೆತ್ತಲಿಲ್ಲ. ಮುಖ ತಗ್ಗಿಸಿದೆ, ಎತ್ತಿದೆ, ಬೆರಳು ಬೆರಳಾಗಿ ಸರಿಸಿದೆ. ಆ ದಿಕ್ಕಿನಲ್ಲಿ ದೊಡ್ಡದೊಂದು ಬಂಡೆ ನಿಂತಿತ್ತು. ಅದೇ ಅಡ್ಡವಾಗಿದೆಯೆಂದು ತೀರ್ಮಾನಿಸಿ, ದಣಿದಿದ್ದ ಹಮೀದಾಕನಿಂದ ಕ್ಯಾರವಾನನ್ನು ನೂರು ಮೀಟರ್ ಆಚೆಗೆ ಎಳೆಸಿದೆ. ಅಲ್ಲಿಂದ ನೋಡಿದರೆ ಇನ್ನೊಂದು ಬಂಡೆ. ಮತ್ತೆ ಎಳೆಸಿದೆ. ಅಷ್ಟರಲ್ಲಿ ಸೂರ್ಯ ಮುಳುಗಿದ. ಎಂಥ ಸುಂದರ ಎಂದು ನಾನೇ ಫೋಟೋ ಕೂಡ ತೆಗೆದೆ. ಸೂರ್ಯ ಯಾವ ಕಡೆ ಮುಳುಗಿದ ಎಂಬುದು ನನಗೆ ಉಪಯೋಗಕ್ಕೆ ಬರುವ ಸುದ್ದಿಯೆಂದು ಮಾತ್ರ ಹೊಳೆಯಲಿಲ್ಲ. "ನಾಳೆ ಬೆಳಿಗ್ಗೆ ಸರಿಯಾಗ್ತದೆ ಅಮ್ಮ," ಎಂದೆ.

ಬೆಳಿಗ್ಗೆ ಹಮೀದಾಕ ಡೀಸೆಲ್ಲಿಗೂ ರೊಟ್ಟಿಗೂ ಪೇಟೆಗೆ ಹೋದರು. ಅವರ ಚಾಪೆಯ ಗುರುತು ಮರಳಿನಲ್ಲಿ ಹಾಗೆಯೇ ಇತ್ತು. ನಾನು ಅದಕ್ಕೊಂದು ಹಗ್ಗ ಹಿಡಿದು, ಎಡಗೈಯ ಕಡೆಗೆ ಇನ್ನೊಂದು ಹಗ್ಗ ಎಳೆದು, ಮೊಳಕಾಲೂರಿ ಲೆಕ್ಕ ಹಾಕುತ್ತಾ ಹತ್ತು ಗಂಟೆ ಮಾಡಿದೆ. ತಲೆಯೆತ್ತಿ ನೋಡುತ್ತೇನೆ, ಅಮ್ಮ ಮಡಚುವ ಕುರ್ಚಿಯಲ್ಲಿ, ಹೊರಗೆ ತಂದಿಟ್ಟ ಟಿವಿಯ ಮುಂದೆ ಬಂದು ಕೂತಿದ್ದಾರೆ. ಹಸಿರು ರೇಷ್ಮೆ ಸೀರೆ, ಮುಡಿಯಲ್ಲಿ ಬಹ್ರೇನಿನಿಂದ ಫ್ರಿಜ್ಜಿನಲ್ಲಿ ತಂದ ಮಲ್ಲಿಗೆಯ ತುಂಡು. ಚಿತ್ರೀಕರಣದ ದಿನ ಉಟ್ಟದ್ದೂ ಅದೇ ಸೀರೆಯೆಂದು ಶೋಭಾ ಪಿಸುಗುಟ್ಟಿದಳು. ಟಿವಿಯಲ್ಲಿ 'ನೋ ಸಿಗ್ನಲ್' ಎಂಬ ಪೆಟ್ಟಿಗೆ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ತೇಲುತ್ತಿತ್ತು. ಅಮ್ಮ ಅದನ್ನೇ ತಾಳ್ಮೆಯಿಂದ ನೋಡುತ್ತಿದ್ದರು. ನನಗೆ ನಿಜವಾಗಿ ಅಳು ಬಂತು.

"ಅಮ್ಮ, ನನಗೆ ದಿಕ್ಕು ಗೊತ್ತಾಗುದಿಲ್ಲ," ಎಂದುಬಿಟ್ಟೆ. ಜೀವಮಾನದಲ್ಲಿ ಮೊದಲ ಸಲ.

"ನೀನು ಹುಡುಕುದು ಎಂತದನ್ನು? ಊರಿನ ಕಡೆಯನ್ನಾ?"

"ಉಪಗ್ರಹ ಅಮ್ಮ. ಹೆಚ್ಚುಕಡಿಮೆ ಊರಿನ ಕಡೆಗೇ."

"ಹಾಗಾದ್ರೆ ಆ ಬಂಡೆಯನ್ನು ಯಾಕೆ ನೋಡ್ತಾ ಇದ್ದಿ? ಬುಸೈತೀನಿನಲ್ಲಿ ಟೆರೇಸಿನ ತುಳಸಿಗೆ ನೀರು ಬಿಟ್ಟು ನಾನು ಸೂರ್ಯನಿಗೆ ಕೈ ಮುಗಿಯುವಾಗ ನಿನ್ನ ಡಿಶ್ಶೂ ನನ್ನೊಟ್ಟಿಗೆ ಆ ಕಡೆಗೇ ಮುಖ ಮಾಡಿ ನಿಂತಿರ್ತದೆ. ನಾನು ದಿನಾ ನೋಡುದಲ್ವಾ? ಇವತ್ತು ನಾನು ಕೈ ಮುಗಿದದ್ದು ಅಲ್ಲಿ ನಿಂತು."

ಅಮ್ಮ ತೋರಿಸಿದ ಕಡೆ ಮರಳಿನಲ್ಲಿ ಅವರ ಎರಡು ಪಾದಗಳ ಗುರುತಿತ್ತು. ಅದರ ಮುಂದೆ, ಲೋಟದ ನೀರು ಬಿದ್ದು ಒಣಗಿದ ಸಣ್ಣ ಗುಳಿ. ಪಾದಗಳು ನೋಡುತ್ತಿದ್ದದ್ದು ಎರಡು ಬಂಡೆಗಳ ನಡುವಿನ ತೆರವನ್ನು. ನಾನು ಡಿಶ್ಶನ್ನು ಹೊತ್ತುಕೊಂಡು ಓಡಿ ಅಮ್ಮನ ಹೆಜ್ಜೆಗಳ ಮೇಲೆಯೇ ಅದರ ಕಾಲುಗಳನ್ನೂರಿದೆ; ಶೋಭಾ ವಯರು ಎಳೆದು ತಂದಳು. ಉಸ್ತಾದ್ ಹೇಳಿದಂತೆ ಮುಖ ತಗ್ಗಿಸುತ್ತಾ ಬಂದೆ. 'ಕುಂಯ್'. ಇಷ್ಟು ದೊಡ್ಡ ಮೌನದಲ್ಲಿ ಆ ಸಣ್ಣ ಸದ್ದು ಕೇಳಿದ್ದೇ ತಡ, ನಾನು ಟಿವಿಯ ಕಡೆಗೆ ತಿರುಗಿದೆ. ಆ ಬಂಡೆಗಳು ಎಷ್ಟು ಕಾಲದಿಂದ ನಿಂತಿದ್ದವೋ, ಅವುಗಳ ನಡುವೆ ಒಬ್ಬಾಕೆ ಕನ್ನಡದಲ್ಲಿ ಪಾತ್ರೆ ತೊಳೆಯುವ ಸಾಬೂನು ಮಾರುತ್ತಿದ್ದಳು.

ಅಷ್ಟರಲ್ಲಿ ಹಮೀದಾಕ ಬಂದಿಳಿದರು. ಹಗ್ಗಗಳನ್ನು ನೋಡಿ ತಲೆ ಚಚ್ಚಿಕೊಂಡರು. "ಅಯ್ಯೋ ಮಾರಾಯ್ರೆ! ಬಹ್ರೇನಿನಲ್ಲಿ ನಮಗೆ ಮಕ್ಕಾ ಪಶ್ಚಿಮಕ್ಕೆ. ನಾವು ನಾಲ್ಕು ದಿವಸ ಪಶ್ಚಿಮಕ್ಕೇ ಬಂದದ್ದಲ್ವಾ? ಇಲ್ಲಿಂದ ಅದು ದಕ್ಷಿಣಕ್ಕೆ. ನನ್ನ ಚಾಪೆ ತಿರುಗಿದ್ದು ನಿಮಗೆ ಗೊತ್ತಾಗ್ಲಿಲ್ವಾ? ನಿನ್ನೆ ಗಾಡಿ ಎಳೆದು ಎಳೆದು ನನಗೂ ಹೇಳ್ಲಿಕ್ಕೆ ಹೊಳೀಲಿಲ್ಲ." ನನಗೆ ಗೊತ್ತಾಗಿರಲಿಲ್ಲ. ಹಮೀದಾಕನ ದಿಕ್ಕು ನೆಲದ ಮೇಲಿನ ಒಂದು ಜಾಗದ ಕಡೆಗೆ. ಅವರು ನಡೆದಂತೆ ಅದೂ ತಿರುಗುತ್ತದೆ. ಅಮ್ಮನ ಸೂರ್ಯ ಅಲ್ಲಿಯೂ ಇಲ್ಲಿಯೂ ಹೆಚ್ಚುಕಡಿಮೆ ಅದೇ ಕಡೆ ಹುಟ್ಟುತ್ತಾನೆ. ಇಬ್ಬರೂ ಇದನ್ನು ಯಾವ ಯಂತ್ರವೂ ಇಲ್ಲದೆ ಬಲ್ಲರು. ಅವರಿಬ್ಬರ ನಡುವೆ ಹಗ್ಗ ಹಿಡಿದು ನಿಂತಿದ್ದವನು ನಾನು, ಅಂಕ ಹಾಕಿದ ತಖ್ತೆ ಇನ್ನೂ ಜೇಬಿನಲ್ಲಿತ್ತು.

ಹತ್ತೂವರೆಗೆ ಅಮ್ಮ ಟಿವಿಯಲ್ಲಿ ಬಂದರು. ಹಸಿರು ಸೀರೆಯ ಅಮ್ಮನನ್ನು ಹಸಿರು ಸೀರೆಯ ಅಮ್ಮ ನೋಡುತ್ತಾ ಕೂತರು. ಪುತ್ತೂರಿನಲ್ಲಿ ವಾರಿಜತ್ತೆ ನೋಡುತ್ತಿದ್ದ ಅದೇ ಗಳಿಗೆಯಲ್ಲಿ, ಅದೇ ಮಾತು ಆಕಾಶಕ್ಕೆ ಹೋಗಿ ಈ ಮರಳಿಗೆ ಬಂದು ಬೀಳುತ್ತಿತ್ತು. ಎಲೆ ತೊಳೆದದ್ದಾಯಿತು, ನಾರು ತೆಗೆದದ್ದಾಯಿತು, ಅಕ್ಕಿ, ಮೆಣಸು, ಹುಣಸೆ ರುಬ್ಬಿದ್ದಾಯಿತು. ಅಮ್ಮ ಕುರ್ಚಿಯ ತುದಿಗೆ ಸರಿದರು. ಇನ್ನೇನು ಉಪ್ಪು. ಅಷ್ಟರಲ್ಲಿ ಆ ಹುಡುಗಿ, "ಮಕ್ಕಳು ಏನ್ ಮಾಡ್ತಾರೆ ಅಮ್ಮಾ?" ಎಂದು ಕೇಳಿದಳು.

"ಒಬ್ಬನೇ ಮಗ. ಬಹ್ರೇನಿನಲ್ಲಿದ್ದಾನೆ. ಅವನು ಭಾರೀ ಹುಷಾರು," ಎಂದರು ಟಿವಿಯ ಅಮ್ಮ. "ಯಾವ ದೇಶದಲ್ಲಿ ಬಿಟ್ಟರೂ ದಾರಿ ಹುಡುಕಿಕೊಂಡು ಬರ್ತಾನೆ. ಟಿವಿ ಗಿವಿ ಎಂತ ಹಾಳಾದ್ರೂ ಅವನೇ ಸರಿ ಮಾಡುದು."

ಶೋಭಾ 'ಕಿಸಕ್' ಎಂದಳು. ಹಮೀದಾಕ ಬೇರೆ ಕಡೆ ತಿರುಗಿದರು. ನನಗೆ ಮಾತ್ರ ಕಣ್ಣು ತುಂಬಿ ಬಂತು. ಅಮ್ಮ ನನ್ನ ಬಗ್ಗೆ ಲೋಕಕ್ಕೆಲ್ಲ ಹೀಗೆ ಹೇಳಿದ್ದರೆಂದು ಯಾರಿಗೆ ಗೊತ್ತಿತ್ತು? ಆ ಮಾತಿಗೆ ತಕ್ಕಂತೆ ಬೆನ್ನು ನೆಟ್ಟಗೆ ಮಾಡಿ, ಎದೆಯುಬ್ಬಿಸಿ, ಒಂದು ಹೆಜ್ಜೆ ಹಿಂದೆ ಸರಿದು ನಿಂತೆ. ಹಿಂದೆ ಡಿಶ್ ಇತ್ತು.

ಚಿತ್ರ ಹೋಯಿತು. ನಾನು ಅದನ್ನು ಎತ್ತಿ ನಿಲ್ಲಿಸಿ, ತಿರುಗಿಸಿ, ಮತ್ತೆ 'ಕುಂಯ್' ಎನಿಸುವಷ್ಟರಲ್ಲಿ ಪತ್ರೊಡೆ ಬೆಂದು, ಹೋಳಾಗಿ, ಹುಡುಗಿಯ ಬಾಯೊಳಗಿತ್ತು. "ಸೂಪರ್ ಅಮ್ಮಾ," ಎಂದಳು ಅವಳು. ಕಾರ್ಯಕ್ರಮ ಮುಗಿಯಿತು. ಅಮ್ಮ "ಇರಲಿ ಬಿಡು," ಎಂದು ಎದ್ದು, ಚಹಾಕ್ಕೆ ನೀರಿಟ್ಟರು. ಅವರು ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮರುದಿನ ಅಲ್ ಉಲಾ ಪೇಟೆಗೆ ಬಂದ ಕೂಡಲೇ ಫೋನಿಗೆ ಜೀವ ಬಂತು. ವಾರಿಜತ್ತೆಯ ಸಂದೇಶ ಎಲ್ಲಕ್ಕಿಂತ ಮೇಲಿತ್ತು, ಹಿಂದಿನ ದಿನ ಕಾರ್ಯಕ್ರಮ ಮುಗಿದ ಮರುಗಳಿಗೆಯಲ್ಲೇ ಕಳಿಸಿದ್ದು. ಅಮ್ಮನಿಗೆ ತೆರೆಯುವ ಧೈರ್ಯವಿಲ್ಲದೆ ಫೋನನ್ನು ಶೋಭಾಳ ಕೈಗೆ ಕೊಟ್ಟರು. ಅವಳು ಗಟ್ಟಿಯಾಗಿ ಓದಿದಳು: "ಅತ್ತಿಗೆ, ನೋಡಿದೆ. ಎಲ್ಲ ಲಾಯ್ಕ ಆಗಿದೆ. ಉಪ್ಪು ಸಮಾ ಹಾಕಿದ್ದೀರಿ. ಮಗನ ಬಗ್ಗೆ ಹೇಳಿದ್ದು ಮಾತ್ರ ಸ್ವಲ್ಪ ಜಾಸ್ತಿ ಆಯ್ತು."

ಅಮ್ಮ ಫೋನನ್ನು ವಾಪಸು ತೆಗೆದುಕೊಂಡು, ಕನ್ನಡಕ ಹಾಕಿಕೊಂಡು, ತಮ್ಮ ಕೈಯಿಂದಲೇ "ಹೌದು" ಎಂದು ಬರೆದು ಕಳಿಸಿದರು.